ಒಂದು ಕುದುರೆ ಕದ್ದಿದ್ದಕ್ಕೆ ಮುಕ್ಕಾಲು ಗಂಟೆ ಪಂಚಾಯ್ತಿ

ನೋಡ್ರಪ್ಪ, ಸಿಗೋದೇ ಒಂದು ಭಾನುವಾರ, ಬೆಣ್ಣೆ ದೋಸೆ ತಿಂದು ವಿದ್ಯಾನಗರದ ರೂಮಲ್ಲಿ ನಾಕು ಜನ ಕೂತು ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಡೈಸ್ ಹಾಕಿ ಕತೆ ಕಟ್ಟೋ ಕೌಬಾಯ್ ಗೇಮ್ ಆಡೋಣ ಅಂದ್ರೆ ಆಟ ನಡೆಸೋ ನಮ್ ದೋಸ್ತು ಹನ್ನೊಂದು ಪುಟದ ನೀತಿ ರೂಲ್ಸ್ ಪ್ರಿಂಟ್ ಹಾಕಿಸ್ಕೊಂಡು ಬಂದಾನೆ. ಮರ್ಯಾದೆ, ನಿಯತ್ತು, ದಯೆ, ಕಾನೂನು, ದುರಾಸೆ, ಸೇಡು, ಆರು ಕಾಲಂ, ಎಲ್ಲದಕ್ಕೂ ಪ್ಲಸ್ಸು ಮೈನಸ್ಸು. ನಾನು ಒಂದು ಕುದುರೆ ಕದ್ದೆ. ಅಷ್ಟೇ. ಅದು ಆಗ್ಲೇ ಇನ್ನೊಬ್ಬ ಕಳ್ಳ ಕದ್ದಿದ್ದ ಕುದುರೆ, ಹಂಗಾಗಿ ಮೈನಸ್ ನಾಲ್ಕಾ ಎರಡಾ ಅಂತ ಮುಕ್ಕಾಲು ಗಂಟೆ ಪಂಚಾಯ್ತಿ, ಅಷ್ಟ್ರಲ್ಲಿ ಮಂಡಕ್ಕಿ ಮೆತ್ತಗಾಯ್ತು, ಮಿರ್ಚಿ ತಣ್ಣಗಾಯ್ತು, ಬ್ಯಾಂಕ್ ದರೋಡೆ ಶುರುನೇ ಆಗ್ಲಿಲ್ಲ.

ಲೇ, 1974ರಲ್ಲಿ ಇದೇ ತರದ ಪಾತ್ರದ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗ ಪಾತ್ರಗಳ ನೀತಿಗೆ ಅಂತ ಇದ್ದಿದ್ದೇ ಮೂರು ಬಣ, ಒಳ್ಳೇದು ಕೆಟ್ಟದ್ದು ಸೇರಿಸಿ ಒಂಬತ್ತು ಮಾಡಿದ್ದು ಆಮೇಲೆ. ಕೌಬಾಯ್ ಕತೇಲಿ ಷೆರಿಫೇ ಲಂಚ ತಿಂತಾನೆ, ದರೋಡೆಕೋರ ಮಗೂನ ಕಾಪಾಡ್ತಾನೆ, ಅದನ್ನ ಯಾವ ಕಾಲಂಗೆ ಹಾಕ್ತೀಯ? ನಮ್ ದುರ್ಗದ ಓಬವ್ವ ಕಿಂಡಿಯಿಂದ ನುಗ್ಗಿದ ಹೈದರಾಲಿ ಸೈನಿಕರಿಗೆ ಒನಕೇಲಿ ಕೊಟ್ಲಲ್ಲ, ಆಯಮ್ಮಂಗೂ ತಲೆಗೆ ಮೈನಸ್ ಮೂರರಂಗೆ ಬರ್ಕೊಂತೀಯೇನು ಅಂದೆ, ತಡಿ ಲೆಕ್ಕ ಹಾಕ್ತೀನಿ ಅಂತ ಮೊಬೈಲಲ್ಲಿ ಕ್ಯಾಲ್ಕುಲೇಟರ್ ತೆಗೆದ ಪುಣ್ಯಾತ್ಮ!

ನಾನು ಹೇಳೋದು ಸಿಂಪಲ್, ಎರಡೇ ಸಾಲು ಬರ್ಕೊಳ್ಳಿ, ಈ ಕೆಲಸ ಸತ್ರೂ ಮಾಡಲ್ಲ, ಇದಕ್ಕೆ ಮಾತ್ರ ಆಸೆ ಬೀಳ್ತೀನಿ ಅಂತ. ಮೊದಲನೇದು ಮುರಿದ್ರೆ ಮುಂದಿನ ಡೈಸ್ ಕಷ್ಟ, ಮುಗೀತು. ಯೋಚ್ನೆ ಮಾಡ್ತೀನಿ ಅಂದಿದ್ದ. ಇವತ್ತು ಮೆಸೇಜ್ ಬಂದೈತೆ, ಏಳನೇ ಕಾಲಂ ಸೇರ್ಸ್ಯಾನಂತೆ, ಪಶ್ಚಾತ್ತಾಪ.