ಚಾಪೆ ಹಾಸಿದ ಮೇಲೆ ಅದು ನಿಂತಿತು

ಹೋದ ವಾರ ಮನೆಗೆ ಬಂದಿದ್ದ ನೆಂಟರೊಬ್ಬರು ನಾನು ಅಂಗಳದಲ್ಲಿ ಡ್ರೋನ್ ಹಾರಿಸುವುದನ್ನು ನೋಡಿದರು. "ಇದರಿಂದ ಎಂತ ಉಪಯೋಗ?" ಅಂತ ಕೇಳಿದರು. "ಬೆರಳಿಗೆ ಒಳ್ಳೇದು, ಫಿಸಿಯೋಥೆರಪಿ ಇದ್ದ ಹಾಗೆ" ಅಂದೆ. ಹೌದಾ ಅಂತ ತಲೆಯಾಡಿಸಿ ಒಳಗೆ ಹೋದರು. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಖುಷಿಗೆ ಹಾರಿಸ್ತೀನಿ ಅಂತ ಹೇಳಲು ಯಾಕೆ ಬಾಯಿ ಬರಲಿಲ್ಲ ನನಗೆ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು.

ನನ್ನ ಕಾಯಿಲೆಯ ಸುದ್ದಿ ಇಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 2024ರ ಜುಲೈ. ನಾಲ್ಕು ದಿನ ಭೇದಿಯಾಗಿ ನಿಂತಿತ್ತು. ಮಳೆಗಾಲದಲ್ಲಿ ಆಗುವುದೇ ಅಲ್ವಾ ಅಂತ ಸುಮ್ಮನಿದ್ದೆ. ಹತ್ತು ದಿನ ಬಿಟ್ಟು ಒಂದು ಬೆಳಿಗ್ಗೆ ಎದ್ದರೆ ಎರಡೂ ಪಾದ ಜೋಮು. ಮಾರನೇ ದಿನ ಬಚ್ಚಲಿನ ಮೆಟ್ಟಿಲು ಹತ್ತಲಾಗಲಿಲ್ಲ. ಮೂರನೇ ದಿನ ಕೈಯಲ್ಲಿ ಲೋಟ ನಿಲ್ಲಲಿಲ್ಲ. ನಾಲ್ಕನೇ ದಿನ ಉಸಿರಾಡಲು ಮೆಷಿನ್ ಬೇಕಾಯಿತು.

ಗೀಲನ್ ಬಾರೆ ಸಿಂಡ್ರೋಮ್ ಅಂತ ಹೆಸರು. ಆಸ್ಪತ್ರೆಯಲ್ಲಿ ಎಲ್ಲರೂ ಜಿಬಿಎಸ್ ಅನ್ನುತ್ತಾರೆ. ಸೋಂಕಿನ ಮೇಲೆ ಹೋರಾಡಬೇಕಾದ ಮೈಯೊಳಗಿನ ಸೈನ್ಯ ಗುರುತು ತಪ್ಪಿ ನಮ್ಮದೇ ನರಗಳ ಹೊದಿಕೆಯ ಮೇಲೆ ಬೀಳುವ ಕಾಯಿಲೆ. ಕಾಲಿನಿಂದ ಶುರುವಾಗಿ ಮೇಲೆ ಮೇಲೆ ಏರುತ್ತದೆ. ಐದು ದಿನ ಇಮ್ಯುನೊಗ್ಲಾಬ್ಯುಲಿನ್, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ, ಹಾಕಿದರು. ಹನ್ನೊಂದು ದಿನ ವೆಂಟಿಲೇಟರ್. ಒಟ್ಟು 34 ದಿನ ಆಸ್ಪತ್ರೆ. "ಹೆಚ್ಚಿನವರು ಮತ್ತೆ ನಡೀತಾರಮ್ಮ, ಆದ್ರೆ ತಿಂಗಳುಗಟ್ಟಲೆ ಹಿಡಿಯುತ್ತೆ" ಅಂತ ಡಾಕ್ಟರ್ ಧೈರ್ಯ ಹೇಳಿ ಕಳಿಸಿದರು.

ಮನೆಗೆ ಬಂದೆ. ಸಾಗರದ ಹತ್ತಿರ ಹಳ್ಳಿ ಮನೆ, ಹಂಚಿನ ಮಾಡು, ಹಿಂದೆ ಅಡಿಕೆ ತೋಟ. ಮಲಗಿದರೆ ಕಾಣುವುದು ಮಾಡಿನ ಪಕಾಸಿ ಮಾತ್ರ. ಅವು ಎಷ್ಟಿವೆ ಅಂತ ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ನೋಡಲು ಬಂದವರೆಲ್ಲ ದಾಳಿಂಬೆ, ಎಳನೀರು ತಂದರು. ಪ್ರೀತಿಯಿಂದಲೇ ತಂದರು. ಜೊತೆಗೆ ಒಬ್ಬೊಬ್ಬರೂ ಒಂದೊಂದು ಬುದ್ಧಿಮಾತು ಕೊಟ್ಟು ಹೋದರು. ಬೆಳಿಗ್ಗೆ ತಟ್ಟೆಯಲ್ಲಿ ಹೆಸರುಕಾಳು ಹರಡಿ ಒಂದೊಂದೇ ಹೆಕ್ಕಬೇಕು. ಸಂಜೆ ಬಟ್ಟೆ ಕ್ಲಿಪ್ ಒತ್ತಬೇಕು. ಇವತ್ತು ಎಷ್ಟು ಕಾಳು, ನಿನ್ನೆ ಎಷ್ಟು, ನಮ್ಮನೆಯವರು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದೆಲ್ಲ ಬೇಕಾದದ್ದೇ, ಬೇಡ ಅನ್ನುತ್ತಿಲ್ಲ. ಆದರೆ ಇಡೀ ದಿನದಲ್ಲಿ ನಾನೇ ಆಸೆಪಟ್ಟು ಮಾಡುವಂಥದ್ದು ಒಂದೂ ಇರಲಿಲ್ಲ. ಊಟವೂ ಔಷಧಿ, ನಿದ್ದೆಯೂ ಔಷಧಿ, ನಗುವೂ ಔಷಧಿ ಅಂತ ಯಾರೋ ಹೇಳಿ ಹೋಗಿದ್ದರು.

ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಬ್ಯಾಗಿನಿಂದ ಒಂದು ಪುಟ್ಟ ಡಬ್ಬಿ ತೆಗೆದ. ಟೆಲ್ಲೋ ಅಂತ ಡ್ರೋನ್. ಕಾಲೇಜಿನಲ್ಲಿದ್ದಾಗ 2019ರಲ್ಲಿ ಕೊಂಡದ್ದಂತೆ, ಡ್ರಾಯರ್‌ನಲ್ಲಿ ಬಿದ್ದಿತ್ತಂತೆ. ತೂಕ 80 ಗ್ರಾಂ. ಒಂದು ಪುಟ್ಟಬಾಳೆ ಹಣ್ಣಿನಷ್ಟೂ ಭಾರ ಅನ್ನಿಸಲಿಲ್ಲ. "ಚಿಕ್ಕಮ್ಮಾ, ಇದಕ್ಕೆ ಬಟನ್ ಒತ್ತೋದೇ ಬೇಡ. ಫೋನ್ ಮೇಲೆ ಬೆರಳು ಇಟ್ಟು ಜಾರಿಸಿದ್ರೆ ಸಾಕು" ಅಂದ. ಬಟ್ಟೆ ಕ್ಲಿಪ್ ಒತ್ತಲಾಗದ ನನ್ನ ಹೆಬ್ಬೆರಳಿಗೆ ಇದು ಸಾಧ್ಯ ಅಂತ ಆ ಹುಡುಗನಿಗೆ ಹೇಗೆ ಹೊಳೆಯಿತೋ!

ಜಗುಲಿಯಲ್ಲಿ ಹಾರಿಸಿದೆವು. ಮೇಲೇನೋ ಎದ್ದಿತು. ಆದರೆ ಒಂದು ಕಡೆ ನಿಲ್ಲುತ್ತಿಲ್ಲ. ಗೋಡೆ ಕಡೆ ಜಾರುತ್ತದೆ, ಕಂಬದ ಕಡೆ ಜಾರುತ್ತದೆ. ನನ್ನ ಕೈಯೇ ಸರಿ ಇಲ್ಲ ಅಂತ ಕಣ್ಣಲ್ಲಿ ನೀರು ಬಂತು. ಅವನು ನೆಲ ನೋಡಿದ. ನಮ್ಮದು ಹಳೇ ಕಾಲದ ಕೆಂಪು ರೆಡ್ ಆಕ್ಸೈಡ್ ನೆಲ. ಕನ್ನಡಿಯ ಹಾಗೆ ಹೊಳೆಯುತ್ತದೆ, ಎಲ್ಲ ಕಡೆ ಒಂದೇ ಬಣ್ಣ. ಈ ಡ್ರೋನ್‌ಗೆ ಜಿಪಿಎಸ್ ಇಲ್ಲ. ಹೊಟ್ಟೆಯ ಕೆಳಗಿರುವ ಸಣ್ಣ ಕ್ಯಾಮೆರಾದಿಂದ ನೆಲದ ಗುರುತು ನೋಡಿ ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತದೆ. ಗುರುತೇ ಇಲ್ಲದ ನೆಲದ ಮೇಲೆ ಅದು ತಾನೇ ಏನು ಮಾಡೀತು? ಒಳಗಿಂದ ಬಣ್ಣದ ಪಟ್ಟಿಯ ಚಾಪೆ ತಂದು ಹಾಸಿದ. ಮತ್ತೆ ಎಬ್ಬಿಸಿದೆ. ಎದೆ ಎತ್ತರಕ್ಕೆ ಏರಿ, ಗುಯ್ ಅನ್ನುತ್ತಾ, ಅಲ್ಲೇ ನಿಂತಿತು. ನಾನು ಬೆರಳು ತೆಗೆದರೂ ನಿಂತೇ ಇತ್ತು.

ನಾಲ್ಕು ತಿಂಗಳಲ್ಲಿ ಮೊದಲ ಸಲ ನಾನು ಕೂಗಿದ್ದು ಆಗ. ಅಡುಗೆಮನೆಯಿಂದ ಅತ್ತೆ ಓಡಿ ಬಂದರು, ಬಿದ್ದೆನೋ ಅಂತ.

ಬ್ಯಾಟರಿ 13 ನಿಮಿಷ ಬರುತ್ತದೆ ಅಂತ ಡಬ್ಬಿಯ ಮೇಲಿತ್ತು. ನಮಗೆ ಸಿಕ್ಕಿದ್ದು ಹತ್ತೋ ಹನ್ನೊಂದೋ. ದಿಂಬು ಒರಗಿ ನಾನು ಕೂರಬಲ್ಲ ಹೊತ್ತೂ ಆಗ ಅಷ್ಟೇ. ಇಳಿಸುವುದನ್ನು ಎರಡನೇ ದಿನ ಕಲಿತೆ. ಅಂಗೈ ಚಾಚಿದರೆ ಅಂಗೈ ಮೇಲೇ ಇಳಿಯುತ್ತದೆ. ಆ ಕ್ಷಣವನ್ನು ಹೇಗೆ ಬರೆಯಲಿ? ನನ್ನ ಅಂಗೈಗೆ ಆಗ ಬಿಸಿ ಲೋಟ ಇಟ್ಟರೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ದಪ್ಪ ಕೈಗವಸು ಹಾಕಿಕೊಂಡ ಹಾಗೆ. ಡ್ರೋನ್ ಕೆಳಗೆ ಬರುತ್ತಾ ಬರುತ್ತಾ ನಾಲ್ಕು ರೆಕ್ಕೆಗಳ ಗಾಳಿ ಕೈಗೆ ಬಡಿಯಿತು. ಮೊದಲು ಮಣಿಕಟ್ಟಿಗೆ ತಿಳಿಯಿತು. ಆಮೇಲೆ ಅಂಗೈ ನಡುವಿಗೆ. ಕಿರುಬೆರಳಿಗೆ ಏನೂ ಇಲ್ಲ. ಉಂಗುರದ ಬೆರಳಿಗೆ ಒಂದು ಚೂರು ತಣ್ಣಗೆ. ಆ ತಂಪಿಗೋಸ್ಕರ ಆವತ್ತು ಐದು ಸಲ ಇಳಿಸಿದೆ. ದಿನಾ ಇಳಿಸಿದೆ. ಕಿರುಬೆರಳಿಗೆ ಗಾಳಿ ಗೊತ್ತಾದದ್ದು ಡಿಸೆಂಬರ್ ಮೊದಲ ವಾರದಲ್ಲಿ.

ಡ್ರೋನ್‌ನಿಂದಲೇ ಕೈ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಜಿಬಿಎಸ್ ಸಾಮಾನ್ಯವಾಗಿ ಏರಿದ ದಾರಿಯಲ್ಲೇ ಇಳಿಯುತ್ತದೆ, ಕೈ ಮೊದಲು, ಪಾದ ಕೊನೆಗೆ. ನರದ ಹೊದಿಕೆ ತನ್ನ ಪಾಡಿಗೆ ಮತ್ತೆ ಬೆಳೆಯುತ್ತದೆ. ಹೆಸರುಕಾಳಿನ ಪಾಲೂ ಇದೆ. ನನಗೆ ಹೇಳಬೇಕಾಗಿರುವುದೇ ಬೇರೆ. ಕೈ ಸರಿಹೋಗದೇ ಇದ್ದಿದ್ದರೂ ಆ ಹತ್ತು ನಿಮಿಷ ನನಗೆ ಬೇಕಿತ್ತು. ಕಾಯಿಲೆ ಬಿದ್ದವರ ಪ್ರತಿಯೊಂದು ಖುಷಿಯನ್ನೂ "ಇದು ಯಾವುದಕ್ಕೆ ಒಳ್ಳೇದು" ಅಂತ ತೂಗಿ ನೋಡಬೇಡಿ, ದಯವಿಟ್ಟು. ನಾನೂ ಹಾಗೇ ತೂಗುತ್ತಿದ್ದೆ. ನನ್ನ ಅಪ್ಪ ಪಾರ್ಶ್ವವಾಯು ಹೊಡೆದು ಎರಡು ವರ್ಷ ಮಲಗಿದ್ದಾಗ ಇಸ್ಪೀಟು ಕೇಳಿದ್ದರು. ಅದರ ಬದಲು ನಾನು ರಬ್ಬರ್ ಚೆಂಡು ತಂದು ಕೈಗೆ ಕೊಟ್ಟೆ, ಹಿಸುಕಿ ಅಂತ. ಅದು ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಜನವರಿಗೆ ದೊಡ್ಡದಕ್ಕೆ ಬಂದೆ. ಹೊರದೇಶದ ಡ್ರೋನ್ ಆಮದು 2022ರ ಫೆಬ್ರವರಿಯಲ್ಲೇ ನಿಂತಿದೆ, ಹಾಗಾಗಿ ಅಕ್ಕನ ಮಗನ ಸ್ನೇಹಿತನ ಹಳೇ ಮಾವಿಕ್ ಮಿನಿ. 249 ಗ್ರಾಂ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಅಂದರೆ ಎಲ್ಲಕ್ಕಿಂತ ಚಿಕ್ಕದರ ಲೆಕ್ಕ, ಪೈಲಟ್ ಲೈಸೆನ್ಸ್ ಬೇಕಿಲ್ಲ. ಹಾಗಂತ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯ ಅಂತ ಇರುತ್ತದೆ. ಹಸಿರಿನಲ್ಲೂ 400 ಅಡಿಯೇ ಮಿತಿ. ಹಾರಿಸುವ ಮುಂಚೆ ನೋಡಿ. ಅಕ್ಕಪಕ್ಕದ ಮನೆಯವರಿಗೂ ಒಂದು ಮಾತು ಹೇಳಿ. ಯಾರ ಬಚ್ಚಲು, ಅಂಗಳದ ಮೇಲೂ ಕ್ಯಾಮೆರಾ ತಿರುಗಿಸಬೇಡಿ.

ಇದಕ್ಕೆ ಜಗುಲಿ ಸಾಲದು. ಅಂಗಳಕ್ಕೆ ಇಳಿಯಲೇಬೇಕು. ವಾಕರ್ ಹಿಡಿದು ಮೂರು ಮೆಟ್ಟಿಲು ಇಳಿದೆ. "ಇವತ್ತು ಅಂಗಳದವರೆಗೆ ನಡೀಬೇಕು" ಅಂತ ಎಲ್ಲರೂ ಹೇಳಿದಾಗ ಆಗದ ಕೆಲಸ ಅದು. ರಿಮೋಟ್‌ನಲ್ಲಿ ಎಡಗೈ ಕಡ್ಡಿ ಮೇಲೆ ಕೆಳಗೆ, ಬಲಗೈ ಕಡ್ಡಿ ಹಿಂದೆ ಮುಂದೆ. ಡ್ರೋನ್ ಮುಖ ನಮ್ಮ ಕಡೆ ತಿರುಗಿದರೆ ಎಡ ಬಲ ಅದಲು ಬದಲು. ಇಪ್ಪತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ನ್ಯೂಟನ್ನನ ಮೂರನೇ ನಿಯಮ ಪಾಠ ಮಾಡಿದವಳು ನಾನು. ಗಾಳಿಯನ್ನು ಕೆಳಗೆ ತಳ್ಳಿ ತಾನು ಮೇಲೆ ನಿಲ್ಲುವ ಆ ಯಂತ್ರವನ್ನು ಕೈಯಲ್ಲಿ ಹಿಡಿದು ಆಡಿಸುವಾಗ, ಪಾಠ ಮಾಡಿದ್ದಕ್ಕೆಲ್ಲ ಈಗ ಜೀವ ಬಂದ ಹಾಗೆ ಆಯಿತು. ಶಾಲೆಗೆ ವಾಪಸ್ ಹೋದ ದಿನ ಮೊದಲು ಇದನ್ನೇ ತೋರಿಸುತ್ತೇನೆ.

ತೋಟ ಮೇಲಿನಿಂದ ಹೇಗೆ ಕಾಣುತ್ತದೆ ಗೊತ್ತಾ? ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ ಆ ಮರಗಳ ಕೆಳಗೆ ಓಡಾಡಿದ್ದೇನೆ. ತಲೆ ಎತ್ತಿದರೆ ಕಂಬ, ಕಂಬ, ಕಂಬ. ಮೇಲೆ ಹೋದರೆ ಕಂಬವೇ ಇಲ್ಲ! ಸೋಗೆಗಳೆಲ್ಲ ಬಿಚ್ಚಿಕೊಂಡು ಒಂದರ ಪಕ್ಕ ಒಂದು ಹಸಿರು ನಕ್ಷತ್ರ. ಬೆಳಗಿನ ಇಬ್ಬನಿ ಅವುಗಳ ನಡುವಿಂದ ಹೊಗೆಯ ಹಾಗೆ ಏಳುತ್ತಿತ್ತು. ಒಂದು ಮೂಲೆಯಲ್ಲಿ ಸೋಗೆ ಹಳದಿಗೆ ತಿರುಗಿತ್ತು. ಅಡಿಕೆಯ ಎಲೆಚುಕ್ಕಿ ರೋಗ ಅಲ್ಲಿಗೂ ಬಂದಿದೆ ಅಂತ ನಮ್ಮನೆಯವರಿಗೆ ಗೊತ್ತಾದದ್ದು ಹಾಗೆ. "ನೋಡಿದ್ರಾ, ಉಪಯೋಗಕ್ಕೆ ಬಂತು" ಅಂತ ಎಲ್ಲರಿಗೂ ಸಮಾಧಾನ. ನಾನು ಮಾತ್ರ ಆವತ್ತು ರಾತ್ರಿ ವಿಡಿಯೋದಲ್ಲಿ ಆ ಹಸಿರು ನಕ್ಷತ್ರಗಳನ್ನೇ ಮತ್ತೆ ಮತ್ತೆ ಹಾಕಿಕೊಂಡು ನೋಡಿದೆ.

ಒಂದು ದಿನ ಲೆಕ್ಕ ತಪ್ಪಿ ಡ್ರೋನ್ ಒಂದು ಮರದ ಸೋಗೆಗೆ ಸಿಕ್ಕಿಕೊಂಡಿತು. ಮಾರನೇ ದಿನ ಅಡಿಕೆ ಕೊನೆ ಕೊಯ್ಯುವ ಕೊನೆಗಾರ ಬಂದವನು ಕಾಲಿಗೆ ತಳೆ ಹಾಕಿಕೊಂಡು ಹತ್ತಿ, ಮಗುವನ್ನು ಇಳಿಸುವ ಹಾಗೆ ಅಂಗಿಯೊಳಗೆ ಇಟ್ಟುಕೊಂಡು ಇಳಿದ. ಊಟವಾದ ಮೇಲೆ ಅವನಿಗೆ ವಿಡಿಯೋ ತೋರಿಸಿದೆ. ತುಂಬಾ ಹೊತ್ತು ನೋಡಿದ. "ನಾನು ದಿನಾ ನೋಡೋದು ಇದನ್ನೇ ಟೀಚ್ರೇ" ಅಂದ. ಅವನ ಮುಖದಲ್ಲಿ ಎಂಥ ಹಿಗ್ಗು! ಮೂವತ್ತು ವರ್ಷದಿಂದ ಅವನು ಒಬ್ಬನೇ ನೋಡುತ್ತಿದ್ದದ್ದನ್ನು ಕೆಳಗಿರುವ ಇನ್ನೊಬ್ಬರು ಈಗ ನೋಡಿದ್ದಾರೆ ಅಂತ ಅವನಿಗೆ ಖುಷಿ. ನಾವಿಬ್ಬರೂ ಅಂಗಳದಲ್ಲಿ ಕೂತು ಸಿಂಗಾರ, ಗಾಳಿ, ಹಕ್ಕಿಗೂಡು ಅಂತ ಒಂದು ಗಂಟೆ ಮಾತಾಡಿದೆವು. ಕಾಯಿಲೆಯ ಮಾತೇ ಬರಲಿಲ್ಲ.

ಅತ್ತೆಗೆ 77 ವರ್ಷ. ಮೊದಲ ಸಲ ಪರದೆಯಲ್ಲಿ ಮನೆ ಕಂಡಾಗ ಬಾವಿ ಗುರುತಿಸಿದರು, ಕೊಟ್ಟಿಗೆ ಗುರುತಿಸಿದರು, ಅಡಿಕೆ ಒಣಗಿಸಿದ ಚಪ್ಪರ ಗುರುತಿಸಿದರು. ಅಂಗಳದಲ್ಲಿ ಕೆಂಪು ಸೀರೆಯ ಒಂದು ಚುಕ್ಕಿ. "ಅದು ನಾನಾ? ಇಷ್ಟೇ ಇಷ್ಟಾ?" ಅಂತ ಆಕಾಶಕ್ಕೆ ಕೈ ಬೀಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಇದಕ್ಕೆ ನೀರಿನ ಒಳಗೆ ಕಾಣುತ್ತಾ?"

ಅತ್ತೆಯ ತವರೂರು ಲಿಂಗನಮಕ್ಕಿಯಲ್ಲಿ ಮುಳುಗಿದ್ದು. 1964ರಲ್ಲಿ ಅಣೆಕಟ್ಟು ಮುಗಿಯುವಾಗ ಅವರಿಗೆ ಹದಿನಾರು ವರ್ಷ. "ಇಲ್ಲ ಅತ್ತೆ, ನೀರೊಳಗೆ ಕಾಣಲ್ಲ" ಅಂದೆ. "ಮೇ ತಿಂಗಳಲ್ಲಿ ನೀರು ಇಳಿಯುತ್ತೆ ಮಾರಾಯ್ತಿ. ನಮ್ಮ ದೇವಸ್ಥಾನದ ಕಟ್ಟೆ ಮೇಲೆ ಬರುತ್ತೆ. ಆಗ ಕಾಣುತ್ತಲ್ಲ?" ಅಂದರು.

ಹೋಗುವುದು ಅಂತ ನಿಶ್ಚಯವಾಗಿದೆ. ಆ ಜಾಗ ಅಣೆಕಟ್ಟಿನಿಂದ ದೂರ, ಆದರೂ ಆ ದಿನದ ನಕ್ಷೆಯಲ್ಲಿ ಹಸಿರಿದ್ದರೆ ಮಾತ್ರ ಹಾರಿಸುವುದು. ಇಲ್ಲದಿದ್ದರೆ ಕಟ್ಟೆಯ ಮೇಲೆ ಕೂತು ಬುತ್ತಿ ಉಂಡು ಬರುವುದು. ಗಾಡಿ ನಿಲ್ಲಿಸುವ ಕಡೆಯಿಂದ ಒಂದು ಕಿಲೋಮೀಟರ್ ನಡಿಗೆ, ಒಣಗಿದ ಕೆಸರಿನ ಮೇಲೆ. ನನ್ನ ಬಲಪಾದ ಇನ್ನೂ ಪೂರ್ತಿ ಎತ್ತಲು ಬರುವುದಿಲ್ಲ. ವಾಕರ್ ಹೋಗಿ ಕೋಲು ಬಂದಿದೆ. ಈಗ ದಿನಾ ಸಂಜೆ ಅತ್ತೆ, ನಾನು ಅಂಗಳದಿಂದ ಬೇಲಿಯ ದಣಪೆ ಬಾಗಿಲವರೆಗೆ ಹೋಗಿ ಬರುತ್ತೇವೆ. ನಿನ್ನೆ ಆರು ಸಲ ಆಯಿತು. ಕೊನೇ ಸುತ್ತಿಗೆ ಅತ್ತೆಗೆ ಸುಸ್ತಾಗಿ ನನ್ನ ಕೋಲು ಅವರು ತೆಗೆದುಕೊಂಡರು. ನಾನು ಅವರ ಕೈ ಹಿಡಿದುಕೊಂಡು ಬಂದೆ.