ಹಾಜರಿ ಪುಸ್ತಕಕ್ಕಿಂತ ಮೊದಲು ಓಟಿ ಪುಸ್ತಕ ನೋಡಿ

ಹೊಸೂರಿನ ಬಿಡಿಭಾಗ ಕಾರ್ಖಾನೆಗಳಲ್ಲಿ ಆಳುಗಳ ಸಂಖ್ಯೆ ಇಳಿದಿಲ್ಲ, ಆದ್ದರಿಂದ ಬೇಡಿಕೆ ಗಟ್ಟಿಯಾಗಿದೆ ಎಂದು ಲೇಖನವೊಂದು ಹೇಳುತ್ತದೆ. ಇದನ್ನು ಒಪ್ಪಲಾರೆ. ಆರ್ಡರ್ ಇಳಿದರೆ ಮೊದಲು ನಿಲ್ಲುವುದು ಓಟಿ (ನಿಗದಿತ ಅವಧಿ ಮೀರಿದ ದುಡಿಮೆ), ಆಮೇಲೆ ಮೂರನೇ ಶಿಫ್ಟ್. ಕೈ ಪಳಗಿದ ಆಪರೇಟರನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ.

50 ಜನರ ಘಟಕ ಎಂದಿಟ್ಟುಕೊಳ್ಳಿ. 48 ಗಂಟೆಯ ಮೇಲೆ ತಲಾ 6 ಗಂಟೆ ಓಟಿ ಇದ್ದ ವಾರಕ್ಕೆ ಹೋಲಿಸಿದರೆ, ಅದು ನಿಂತ ವಾರ 300 ಗಂಟೆ ಕೆಲಸ ಕಡಿಮೆ, ಅಂದರೆ ಐದಾರು ಜನರನ್ನು ತೆಗೆದಷ್ಟು. ಹಾಜರಿಯಲ್ಲಿ ಮಾತ್ರ 50 ಹಾಗೇ ಇರುತ್ತದೆ! ಕಾನೂನಿನಂತೆ ಓಟಿಗೆ ಇಮ್ಮಡಿ ಕೂಲಿ, ಹಾಗಾಗಿ ಕೆಲಸ ಶೇ. 11 ಇಳಿದರೆ ಕೈಗೆ ಬರುವ ಹಣ ಶೇ. 20 ಇಳಿಯುತ್ತದೆ. ಬಾಡಿಗೆ ಮನೆಯ ಕುಟುಂಬಕ್ಕೆ ಇದು ದೊಡ್ಡ ಪೆಟ್ಟು.

ಅಮೆರಿಕದಲ್ಲಿ ಕಾನ್ಫರೆನ್ಸ್ ಬೋರ್ಡ್ ಎಂಬ ಸಂಶೋಧನಾ ಸಂಸ್ಥೆ, ಆರ್ಥಿಕತೆಯ ಮುಂದಿನ ಏರಿಳಿತ ಸೂಚಿಸುವ ತನ್ನ ಮುನ್ಸೂಚಕ ಸೂಚ್ಯಂಕದಲ್ಲಿ ತಯಾರಿಕಾ ವಲಯದ ಸರಾಸರಿ ವಾರದ ಗಂಟೆಗಳನ್ನು ಸೇರಿಸಿರುವುದು, ಆಳಿಗಿಂತ ಮೊದಲು ಗಂಟೆ ಇಳಿಯುತ್ತದೆ ಎಂಬುದಕ್ಕೇ.

ಆದರೆ ಗಂಟೆಗಳ ಒಂದು ತಿಂಗಳ ಅಂಕಿ ನಂಬಬೇಡಿ, ಹಬ್ಬದ ರಜೆಯೂ ಅದನ್ನು ಕೆಡಿಸುತ್ತದೆ. ಕಡಿಮೆ ಗಂಟೆ ದುಡಿಯುವವರನ್ನೇ ಮೊದಲು ತೆಗೆದರೆ ಸರಾಸರಿ ಏರಿದಂತೆ ಕಾಣುತ್ತದೆ. ಗುತ್ತಿಗೆಯವರ ಲೆಕ್ಕ ಗುತ್ತಿಗೆದಾರನ ಪುಸ್ತಕದಲ್ಲಿರುತ್ತದೆ, ಅವರ ಗಂಟೆ, ತಲೆ ಎರಡನ್ನೂ ಕೂಡಿಸಿಯೇ ಸರಾಸರಿ ತೆಗೆಯಬೇಕು.