ನಮ್ಮನೆಯಲ್ಲೊಂದು ಟವರ್ ಇತ್ತು

ಟವರ್‌ಗೆ ಯಂತ್ರ ಮಾಡಿಕೊಡುವ ಕಂಪನಿಗಳಿಗೂ ನಮ್ಮಂಥವರಿಗೂ ಟವರಿನ ವಿಷಯದಲ್ಲಿ ಮೊದಲು ಯಾವ ವ್ಯವಹಾರವೂ ಇರಲಿಲ್ಲ. ಅವರು ಮೊಬೈಲ್ ಕಂಪನಿಗೆ ಮಾರುತ್ತಿದ್ದರು, ನಾವು ಬಿಲ್ ಕಟ್ಟುತ್ತಿದ್ದೆವು. ಇಬ್ಬರೂ ಸುಖವಾಗಿದ್ದೆವು. 2007ರಲ್ಲಿ ಅಮೆರಿಕದ ಡೆನ್ವರ್ ಮತ್ತು ಇಂಡಿಯಾನಾಪೊಲಿಸ್‌ನಲ್ಲಿ ಸ್ಪ್ರಿಂಟ್ ಎಂಬ ಮೊಬೈಲ್ ಕಂಪನಿ, ಮನೆಯೊಳಗೆ ಸಿಗ್ನಲ್ ಕೊಡುವ ‘ಏರೇವ್’ ಅನ್ನುವ ಡಬ್ಬಿ ಮಾರಲು ಶುರು ಮಾಡಿತು. ಮಾಡಿಕೊಟ್ಟಿದ್ದು ಸ್ಯಾಮ್‌ಸಂಗ್. 2009ರಲ್ಲಿ ಬ್ರಿಟನ್ನಿನ ವೊಡಾಫೋನ್ ಅಂಥದ್ದೇ ಒಂದನ್ನು ತಂದಾಗ ಅದನ್ನು ಒದಗಿಸಿದ್ದು ಟವರ್ ಯಂತ್ರದ ಕಂಪನಿ ಅಲ್ಕಾಟೆಲ್-ಲುಸೆಂಟ್. ಅಂತೂ ಟವರ್ ಮಾಡುವವರು ಬೀದಿ ದಾಟಿ ನಡುಮನೆಗೆ ಬಂದರು.

ಇದಕ್ಕೆ ಫೆಮ್ಟೋಸೆಲ್ ಅಂತ ಹೆಸರು. ನಿಜಕ್ಕೂ ಒಂದು ಪುಟ್ಟ ಟವರೇ. ಫೋನಿನ ಮಾತು ಡಬ್ಬಿಗೆ ಹೋಗುತ್ತದೆ, ಡಬ್ಬಿಯಿಂದ ನಮ್ಮ ಬ್ರಾಡ್‌ಬ್ಯಾಂಡ್ ಹಿಡಿದು ಕಂಪನಿಗೆ. ಈಗಿನ ಹಾಗೆ ಹೆಚ್ಚಿನ ಫೋನುಗಳಲ್ಲಿ ವೈಫೈ ಕಾಲಿಂಗ್ ಇಲ್ಲದ ಕಾಲ ಅದು. ನ್ಯೂಜೆರ್ಸಿಯ ನಮ್ಮ ಮನೆಯೊಳಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಹಬ್ಬ. ನಾವೂ ಒಂದು ಡಬ್ಬಿ ತಂದೆವು. ಕಂಪನಿ ಹೆಸರು ಬೇಡ ಬಿಡಿ.

ಆಗ ತೀರ್ಥಹಳ್ಳಿಯಿಂದ ಅತ್ತೆ ಮಾವ ಬಂದಿದ್ದರು. ಮಾವನವರು ಡಬ್ಬಿಯನ್ನು ತಿರುಗಿಸಿ ನೋಡಿ ಲೆಕ್ಕ ಕೇಳಿದರು. “ಕರೆಂಟ್ ಯಾರದ್ದು?”

“ನಮ್ಮದೇ.”

“ಇಂಟರ್ನೆಟ್ಟು?”

“ಅದೂ ನಮ್ಮದೇ. ಡಬ್ಬಿಗೂ ನಾವೇ ದುಡ್ಡು ಕೊಟ್ಟಿದ್ದು.”

“ಹಾಗಾದ್ರೆ ಮಾತಾಡೋದು ಪುಕ್ಕಟೆ ಅನ್ನಿ.”

ಪುಕ್ಕಟೆ ಅಲ್ಲ, ಪ್ಲಾನಿನ ನಿಮಿಷ ಎಂದಿನಂತೆ ಖರ್ಚಾಗುತ್ತದೆ ಅಂದೆ. ಮಾವನವರು ಕನ್ನಡಕ ತೆಗೆದರು. “ಅಲ್ಲ ಮಾರಾಯ್ರೆ, ಬೆಂಗಳೂರಲ್ಲಿ ತಾರಸಿ ಮೇಲೆ ಟವರ್ ಹಾಕಿಸಿಕೊಂಡ್ರೆ ಕಂಪನಿಯವರು ತಿಂಗಳು ತಿಂಗಳು ಬಾಡಿಗೆ ಕೊಡ್ತಾರೆ. ನೀವು ಉಲ್ಟಾ ಕೊಡ್ತಾ ಇದ್ದೀರಲ್ಲ!” ಇದಕ್ಕೆ ಉತ್ತರ ನನ್ನ ಹತ್ತಿರ ಈಗಲೂ ಇಲ್ಲ.

ಡಬ್ಬಿಗೆ ಬಿಂಕ ಬೇರೆ. ತಾನು ಎಲ್ಲಿದ್ದೇನೆ ಅಂತ ಜಿಪಿಎಸ್‌ನಿಂದ ಗೊತ್ತಾಗದೆ ಅದು ಕೆಲಸ ಶುರು ಮಾಡುವುದಿಲ್ಲ. ಅಮೆರಿಕದ ತುರ್ತು ಸಹಾಯದ ನಂಬರ್ 911ಕ್ಕೆ ಕರೆ ಮಾಡಿದರೆ ವಿಳಾಸ ತಿಳಿಯಬೇಕಲ್ಲ, ಅದಕ್ಕೆ. ಹಾಗಾಗಿ ಕಿಟಕಿ ಪಕ್ಕವೇ ಇಡಬೇಕು. ನಮಗೆ ಸಿಗ್ನಲ್ ಬೇಕಾದದ್ದು ನೆಲಮಾಳಿಗೆಯಲ್ಲಿ, ಡಬ್ಬಿಗೆ ಬೇಕಾದದ್ದು ಆಕಾಶ.

ಇನ್ನೊಂದು ವಿಶೇಷ. ಮಾತಾಡುತ್ತಾ ಮನೆಯಿಂದ ಹೊರಗೆ ಹೋದರೆ ಕರೆ ಸಲೀಸಾಗಿ ಬೀದಿಯ ಟವರ್‌ಗೆ ಹೋಗುತ್ತಿತ್ತು. ಮಾತಾಡುತ್ತಾ ಒಳಗೆ ಬಂದರೆ ಮಾತ್ರ ಡಬ್ಬಿ ಸೇರಿಸಿಕೊಳ್ಳುತ್ತಿರಲಿಲ್ಲ. ಫೋನು ಹೊರಗಿನ ಟವರನ್ನೇ ಹಿಡಿದುಕೊಂಡು ಬಾತ್‌ರೂಮ್ ಹತ್ತಿರ ಬರುವಷ್ಟರಲ್ಲಿ ಪ್ರಾಣ ಬಿಡುತ್ತಿತ್ತು. ಆಫೀಸಿನಿಂದ ಬಂದು ಕಾರಿನಲ್ಲೇ ಕೂತು ಮಾತು ಮುಗಿಸುವ ನನ್ನನ್ನು ನೋಡಿ, ಮಗಳು ಅಳಿಯ ಜಗಳ ಆಡಿದ್ದಾರೆ ಅಂತಲೇ ಅತ್ತೆ ತಿಳಿದಿದ್ದರು.

ಸತ್ಯನಾರಾಯಣ ಪೂಜೆಯ ದಿನ ಮಾತ್ರ ಮಾನ ಹೋಯಿತು. ನಮ್ಮ ಪಟ್ಟಿಯಲ್ಲಿ ನೋಂದಾಯಿಸಿದ ನಂಬರ್‌ಗೆ ಅಷ್ಟೇ ಡಬ್ಬಿ ಸಿಗ್ನಲ್ ಕೊಡುತ್ತಿತ್ತು. ಅದೂ ಒಂದು ಸಲಕ್ಕೆ ನಾಲ್ಕೇ ಕರೆ. ಮನೆ ತುಂಬ ಜನ, ಎಲ್ಲರೂ ಫೋನ್ ಎತ್ತಿ ಎತ್ತಿ ನೋಡುವವರೇ. ಪುರೋಹಿತರಿಗೆ ಮುಂದಿನ ವಾರದ ಗೃಹಪ್ರವೇಶದ ಕರೆ ಬರಬೇಕಿತ್ತು. ಅವರ ನಂಬರ್ ಪಟ್ಟಿಗೆ ಸೇರಿಸೋಣವೆಂದರೆ ವೆಬ್‌ಸೈಟಿನ ಪಾಸ್‌ವರ್ಡ್ ಹೆಂಡತಿಗೆ ಗೊತ್ತು, ಹೆಂಡತಿ ಸಜ್ಜಿಗೆ ತಿರುಗಿಸುತ್ತಿದ್ದಾಳೆ. ಕೊನೆಗೆ ಪಂಚೆಯ ಮೇಲೆ ನನ್ನ ಜಾಕೆಟ್ ಹಾಕಿಕೊಂಡು ಪುರೋಹಿತರು ಹಿಮದಲ್ಲಿ ನಿಂತು ಮುಹೂರ್ತ ಹೇಳಿದರು. ದಕ್ಷಿಣೆ ಜಾಸ್ತಿ ಕೊಟ್ಟೆವು.

ಊರಿಗೆ ಹೊರಡುವಾಗ ಮಾವನವರು ಡಬ್ಬಿಯ ಮೇಲೆ ಕಣ್ಣು ಹಾಕಿದರು. ತೋಟದ ಮನೆಯಲ್ಲಿ ಫೋನ್ ಮಾಡಬೇಕೆಂದರೆ ಗುಡ್ಡ ಹತ್ತಬೇಕು, ಸೂಟ್‌ಕೇಸಿನಲ್ಲಿ ಹಾಕಿಕೊಡಿ ಅಂದರು. ಆಗಲ್ಲ ಮಾವ, ಕಂಪನಿಗೆ ಲೈಸೆನ್ಸ್ ಇರುವ ಜಾಗದಲ್ಲಷ್ಟೇ ಇದು ಅಲೆ ಬಿಡಬಹುದು, ಜಿಪಿಎಸ್ ತೀರ್ಥಹಳ್ಳಿ ಅಂತ ತೋರಿಸಿದ ಕೂಡಲೇ ಮುಷ್ಕರ ಹೂಡುತ್ತದೆ, ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಇಂಥದ್ದನ್ನು ಇಟ್ಟುಕೊಳ್ಳುವುದೂ ಅಪರಾಧ ಅಂತೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

“ಅಂದ್ರೆ, ನಮ್ಮ ಮನೆಯಲ್ಲೇ ಇರುತ್ತೆ, ನಮ್ಮ ಖರ್ಚಲ್ಲೇ ನಡೆಯುತ್ತೆ, ಒಂದು ಮಾತು ಹೇಳಿದ್ರೆ ಕೆಂಪು ದೀಪ ತೋರಿಸುತ್ತೆ. ಮನೆ ಅಳಿಯ ಅನ್ನಿ.”

ಅಡುಗೆಮನೆಯಿಂದ ಅತ್ತೆ ಜೋರಾಗಿ ಕೆಮ್ಮಿದರು. ಮಾವನವರು ನನ್ನ ಮುಖ ನೋಡಿ, “ನಿಮಗಲ್ಲ, ಡಬ್ಬಿಗೆ ಹೇಳಿದ್ದು” ಅಂದರು.